ನೆತ್ತಿಯ ಮೇಲಣ ವೃಷಭ

ಮುಂಡರಗಿ ತಾಲೂಕಿನ ಡಂಬಳದಲ್ಲಿರುವ ದೊಡ್ಡಬಸಪ್ಪನ ಗುಡಿಯನ್ನು ನಮ್ಮ ಭಾಗದವರು ಬಹುತೇಕ ಎಲ್ಲರೂ ಬಲ್ಲರು. 12ನೆಯ ಶತಮಾನದ, ಕಲ್ಯಾಣ ಚಾಲುಕ್ಯ ಶೈಲಿಯ ಈ ದೇಗುಲದ ಗರ್ಭಗೃಹವು ಹೊರಗಿನಿಂದ ಚೌಕವಾಗಿಲ್ಲ. ಚೌಕವೊಂದನ್ನು ಒಂದೇ ಕೇಂದ್ರದ ಸುತ್ತ ಹಂತ ಹಂತವಾಗಿ ತಿರುಗಿಸಿದರೆ ಮೂಡುವ 24 ಮೂಲೆಗಳ ನಕ್ಷತ್ರಾಕೃತಿ ಅದಕ್ಕೆ ಪ್ರಾಪ್ತವಾಗಿದೆ. ಅದೇ ಗುಡಿಯಲ್ಲಿ, ಊರವರ ಬಾಯಲ್ಲಿ ಗುಡಿಗೇ ಹೆಸರಾಗಿ ನಿಂತ ಆ ದೊಡ್ಡ ಬಸವನು ಮಲಗಿದ್ದಾನೆ. ಶಿಲ್ಪಿಯು ನಕ್ಷತ್ರದಾಕಾರದ ಗುಡಿಯಲ್ಲಿ ಬಸವನನ್ನಿರಿಸಿದನು. ಆಗಸದಲ್ಲಿ ಇದಕ್ಕೆ ವಿಪರ್ಯಯವಾಗಿ ಬಸವನ ಆಕಾರದಲ್ಲಿಯೇ ನಕ್ಷತ್ರಗಳಿರುವುವು. ಅದುವೇ ವೃಷಭ ರಾಶಿ.

'ಬಸವ' ಎಂಬುದು 'ವೃಷಭ' ಶಬ್ದದ ತದ್ಭವವೆಂದು ನಮ್ಮ ಶಾಲೆಯ ವ್ಯಾಕರಣ ತರಗತಿಗಳಲ್ಲಿ ಕಲಿತವರಿಗೆ ಗೊತ್ತು. ಹೀಗಿರುವಾಗ ಬಸವಣ್ಣನವರ ಹೆಸರಿನಲ್ಲಿ ನಡೆನುಡಿ ಕಲಿತ ನಾವು, ಅದೇ ಹೆಸರಿನ ನಕ್ಷತ್ರಪುಂಜವನ್ನು ಆಗಸದಲ್ಲಿ ಕಣ್ಣಾರೆ ಗುರುತಿಸಲಾರೆವಾದರೆ ಅದೊಂದು ಕೊರತೆಯೇ ಸರಿ. ಪಂಚಾಂಗದಲ್ಲಿ ಕೃತ್ತಿಕಾ, ರೋಹಿಣಿ ಎಂಬ ಹೆಸರುಗಳನ್ನು ನಾವು ನಿತ್ಯ ಓದುವೆವು. ತಲೆಯೆತ್ತಿ ನೋಡುವುದು ಅಪರೂಪ. ನೋಡದೆ ಉಳಿದ ನಕ್ಷತ್ರವು ಬರಿಯ ಹೆಸರಾಗುವುದು. ಬರಿಯ ಹೆಸರಿನ ಸುತ್ತ ಭಯವು ಬೆಳೆಯುವುದು. ನೋಡಿದ ನಕ್ಷತ್ರವಾದರೋ ಜ್ಞಾನವಾಗುವುದು. ಈ ಮಾತನ್ನು ವೃಷಭ ರಾಶಿಯ ಕೆಲವು ಪ್ರಮುಖ ತಾರೆಗಳ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

ಕಾಣುವ ಬಗೆ

ವೃಷಭನನ್ನು ಹುಡುಕಲು ಯಾವ ಯಂತ್ರವೂ ಬೇಡ. ಚಳಿಗಾಲದ ರಾತ್ರಿ ಮೂಡಣದಿಂದ ಮೇಲೇರುವ ಮಹಾವ್ಯಾಧ ಪುಂಜದ ನಡುಪಟ್ಟಿಯಲ್ಲಿ ಮೂರು ಚಿಕ್ಕೆಗಳು ಒಂದೇ ಸಾಲಿನಲ್ಲಿ ನಿಂತಿರುವುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಆ ಸಾಲನ್ನು ವಾಯವ್ಯದ ಕಡೆಗೆ ಮನಸ್ಸಿನಲ್ಲಿಯೇ ಬೆಳೆಸಿದರೆ ಕಿತ್ತಳೆ ಬಣ್ಣದ ಉಜ್ವಲ ತಾರೆಯೊಂದು ಸಿಗುವುದು. ಅದು ರೋಹಿಣಿ, ವೃಷಭನ ಕೆಂಗಣ್ಣು. ಅದರ ಸುತ್ತ ಮಲಗಿಸಿಟ್ಟ ಇಂಗ್ಲಿಷಿನ 'ವಿ' ಅಕ್ಷರದಂತೆ ಕಾಣುವ ಸಣ್ಣ ತಾರೆಗಳು ವೃಷಭನ ಮುಖ. ಅಲ್ಲಿಂದ ಪೂರ್ವಕ್ಕೆ ಚಾಚಿದ ಎರಡು ಉದ್ದನೆಯ ಕೊಂಬುಗಳ ತುದಿಯಲ್ಲಿ ಒಂದೊಂದು ತಾರೆ. ಪಶ್ಚಿಮಕ್ಕೆ, ಹೆಗಲಿನ ಮೇಲೆ, ಮುತ್ತಿನ ಗೊಂಚಲಿನಂತೆ ಕೃತ್ತಿಕೆ.

ನಮ್ಮ ನಾಡಿಗೆ ಈ ಪುಂಜದೊಡನೆ ವಿಶೇಷವಾದ ಸಂಬಂಧವೊಂದುಂಟು. ಗದಗ-ಬೆಟಗೇರಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15.4 ಅಂಶಗಳ ಅಕ್ಷಾಂಶದಲ್ಲಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಅದಕ್ಕಿಂತ ತುಸು ದಕ್ಷಿಣಕ್ಕೆ. ರೋಹಿಣಿಯು ಖಗೋಳದ ಮಧ್ಯರೇಖೆಯಿಂದ ಉತ್ತರಕ್ಕೆ 16.5 ಅಂಶಗಳಲ್ಲಿದೆ, ವೃಷಭನ ಮೂತಿಯ ತುದಿಯಲ್ಲಿರುವ ತಾರೆಯು 15.6 ಅಂಶಗಳಲ್ಲಿದೆ. ಅಂದರೆ ಆ ಮೂತಿಯ ತಾರೆಯು ದಿನಕ್ಕೊಮ್ಮೆ ಗದಗಿನ ನೆತ್ತಿಯ ಮೇಲೆಯೇ ಹಾಯ್ದುಹೋಗುವುದು. ರೋಹಿಣಿಯು ನೆತ್ತಿಗೆ ಒಂದೇ ಅಂಶದಷ್ಟು ಬಡಗಣಕ್ಕೆ ಸರಿಯುವುದು. ಮಕರ ಸಂಕ್ರಮಣದ ರಾತ್ರಿ ಸುಮಾರು ಒಂಬತ್ತೂವರೆ ಗಂಟೆಗೆ ಅಂಗಳದಲ್ಲಿ ಚಾಪೆ ಹಾಸಿ ಅಂಗಾತ ಮಲಗಿದವನಿಗೆ ಬಸವನು ನೇರವಾಗಿ ಮುಖದ ಮೇಲೆಯೇ ಬಂದು ನಿಂತಿರುವನು. ಕಾಶಿಯವರಿಗಾಗಲಿ ಕನ್ಯಾಕುಮಾರಿಯವರಿಗಾಗಲಿ ಈ ಭಾಗ್ಯವಿಲ್ಲ.

ರೋಹಿಣಿ

ರಾತ್ರಿಯ ಆಗಸದ ಅತ್ಯುಜ್ವಲ ತಾರೆಗಳನ್ನು ಎಣಿಸುತ್ತ ಹೋದರೆ ರೋಹಿಣಿಗೆ ಸುಮಾರು ಹದಿನಾಲ್ಕನೆಯ ಸ್ಥಾನ. ಅರಬರು ಇದನ್ನು ಆಲ್ಡೆಬರಾನ್ ಎಂದು ಕರೆದರು. 'ಹಿಂಬಾಲಿಸುವವನು' ಎಂದು ಅದರ ಅರ್ಥ. ಮೂಡಣದಲ್ಲಿ ಮೊದಲು ಕೃತ್ತಿಕೆಯು ಮೂಡಿ, ಅದರ ಬೆನ್ನಿಗೆ ರೋಹಿಣಿಯು ಮೂಡುವುದರಿಂದ ಆ ಹೆಸರು ಬಂದಿತು.

ರೋಹಿಣಿಯು ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವ ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ. ಅದು ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು. ಇಂದು ರಾತ್ರಿ ನಮ್ಮ ಕಣ್ಣನ್ನು ಮುಟ್ಟುವ ರೋಹಿಣಿಯ ಬೆಳಕು ಅಲ್ಲಿಂದ ಹೊರಟಾಗ, 1956ರಲ್ಲಿ ಏಕೀಕರಣಗೊಂಡ ನಮ್ಮ ರಾಜ್ಯವು ಇನ್ನೂ ಎಳೆಯ ಕೂಸಾಗಿತ್ತು. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಹಿರಿಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆಗ ಪಾಟಿ-ಬಳಪ ಹಿಡಿದು ಅಕ್ಷರ ತಿದ್ದುತ್ತಿದ್ದಿರಬೇಕು. ಅವರ ಬಾಲ್ಯದ ಬೆಳಕು ಈಗ ಬಂದು ತಲುಪುತ್ತಿರುವುದೆಂದರೆ ತಪ್ಪಾಗದು.

ರೋಹಿಣಿಯು ಮುದಿತಾರೆ. ನಕ್ಷತ್ರಗಳು ತಮ್ಮ ಒಡಲಿನ ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸುತ್ತ ಬೆಳಕು-ಕಾವುಗಳನ್ನು ಹೊಮ್ಮಿಸುವುವು. ನಡುವಿನ ಜಲಜನಕವು ಮುಗಿದಾಗ ಒಡಲಿನ ಗರ್ಭವು ಕುಗ್ಗಿ, ಹೊರಮೈ ಉಬ್ಬಿ ತಣ್ಣಗಾಗುವುದು. ರೋಹಿಣಿಗೆ ಒದಗಿರುವುದು ಇದೇ ಸ್ಥಿತಿ. ಅದರ ತೂಕವು ಸೂರ್ಯನ ತೂಕಕ್ಕಿಂತ ಬಹಳ ಹೆಚ್ಚೇನೂ ಇಲ್ಲ; ಆದರೆ ವ್ಯಾಸವು ಸೂರ್ಯನಿಗಿಂತ ಸುಮಾರು 45 ಪಟ್ಟು ದೊಡ್ಡದು. ಸೂರ್ಯನ ಜಾಗದಲ್ಲಿ ಅದನ್ನಿರಿಸಿದರೆ ಬುಧಗ್ರಹಕ್ಕಿರುವ ದಾರಿಯ ಅರ್ಧಕ್ಕಿಂತ ಹೆಚ್ಚನ್ನು ಅದೇ ನುಂಗಿಬಿಡುವುದು. ಮೇಲ್ಮೈಯ ಉಷ್ಣತೆ ಸುಮಾರು 3,600 ಡಿಗ್ರಿ ಸೆಲ್ಸಿಯಸ್, ಸೂರ್ಯನದು 5,500. ಕಮ್ಮಾರನ ಕುಲುಮೆಯಲ್ಲಿ ಬಿಳಿಯಾಗಿ ಕಾದ ಕಬ್ಬಿಣವು ಆರುತ್ತ ಬಂದಂತೆ ಕೆಂಪಾಗುವುದಲ್ಲವೆ? ರೋಹಿಣಿಯ ಕೆಂಬಣ್ಣಕ್ಕೂ ಕಾರಣವಿದೇ. ಇನ್ನು 500 ಕೋಟಿ ವರ್ಷಗಳ ತರುವಾಯ ನಮ್ಮ ಸೂರ್ಯನಿಗೂ ಇದೇ ಗತಿ. ಆದುದರಿಂದ ರೋಹಿಣಿಯನ್ನು ನೋಡುವುದೆಂದರೆ ಸೂರ್ಯನ ಮುಪ್ಪನ್ನು ಮುಂಗಡವಾಗಿ ನೋಡಿದಂತೆ.

ಚಂದ್ರ, ರೋಹಿಣಿ ಮತ್ತು ಪುಲಿಗೆರೆ

ದಕ್ಷನ 27 ಮಂದಿ ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರನು ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದನೆಂದೂ, ಮುನಿದ ದಕ್ಷನ ಶಾಪದಿಂದ ಕ್ಷಯಿಸತೊಡಗಿ ಪ್ರಭಾಸದಲ್ಲಿ ಶಿವನನ್ನು ಅರ್ಚಿಸಿ ಉಳಿದುಕೊಂಡನೆಂದೂ ಪುರಾಣವು ಹೇಳುವುದು. ಅಲ್ಲಿಯ ಶಿವನಿಗೆ ಸೋಮನಾಥನೆಂಬ ಹೆಸರು ಬಂದುದು ಹೀಗೆ. ಆ ಸೌರಾಷ್ಟ್ರದ ಸೋಮನಾಥನನ್ನು ಶರಣ ಆದಯ್ಯನು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ತಂದ ಕಥೆಯನ್ನು ಕವಿ ರಾಘವಾಂಕನು ತನ್ನ 'ಸೋಮನಾಥ ಚಾರಿತ್ರ'ದಲ್ಲಿ ಹಾಡಿರುವನು. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ಶಿವಪಾರ್ವತಿಯರು ನಂದಿಯನ್ನೇರಿ ಕುಳಿತಿರುವ ಮೂರ್ತಿಯನ್ನು ಕಂಡವರು, ಚಂದ್ರನ ಒಡೆಯನು ವೃಷಭದ ಮೇಲಿರುವ ಈ ಜೋಡಣೆಯನ್ನು ಆಗಸದಲ್ಲಿಯೂ ಕಾಣಬಹುದು. ಅಲ್ಲಿ ಚಂದ್ರನೇ ಸುಮಾರು 27 ದಿನಗಳಿಗೊಮ್ಮೆ ವೃಷಭನ ಮೇಲೆ ಹಾಯುವನು.

ಕಥೆಯ ಹಿಂದೆ ವೀಕ್ಷಣೆಯೊಂದಿದೆ. ಚಂದ್ರನ ಹಾದಿಯು ರೋಹಿಣಿಗೆ ಅತಿ ಸಮೀಪ. ಆ ಹಾದಿಯು ಮೆಲ್ಲನೆ ಓಲಾಡುತ್ತ 18.6 ವರ್ಷಗಳಿಗೊಮ್ಮೆ ಮೊದಲಿನ ಸ್ಥಿತಿಗೆ ಬರುವುದು. ಈ ಆವರ್ತದಲ್ಲಿ ಮೂರು-ನಾಲ್ಕು ವರ್ಷಗಳ ಕಾಲ ಚಂದ್ರನು ತಿಂಗಳು ತಿಂಗಳೂ, ಭೂಮಿಯ ಯಾವುದಾದರೊಂದು ಭಾಗದಿಂದ ನೋಡಿದಂತೆ, ರೋಹಿಣಿಯನ್ನು ಪೂರ್ತಿಯಾಗಿ ಮರೆಮಾಡುವನು. 2015ರ ಜನವರಿಯಿಂದ 2018ರ ಸೆಪ್ಟೆಂಬರದವರೆಗೆ ಅಂತಹ ಸರಣಿಯೊಂದು ನಡೆಯಿತು. ಬೇರೆ ಪತ್ನಿಯರ ಮನೆಗಿಂತ ರೋಹಿಣಿಯ ಮನೆಯಲ್ಲಿ ಚಂದ್ರನು ಹೆಚ್ಚು ಒಡನಾಡುವನೆಂಬ ಕಲ್ಪನೆಯು ಇಂತಹ ನೋಟದಿಂದಲೇ ಹುಟ್ಟಿರಬಹುದು. ಕತ್ತಲೆಯ ಅಂಚಿನಿಂದ ಚಂದ್ರನು ಸಮೀಪಿಸಿದಾಗ ರೋಹಿಣಿಯು ದೀಪ ಆರಿಸಿದಂತೆ ಮಾಯವಾಗುವುದು. ಪ್ರಾಚೀನರು ಅದನ್ನು ಆಲಿಂಗನವೆಂದರು. ವಾಸ್ತವದಲ್ಲಿ ಚಂದ್ರನಿಂದ ನಮಗೆ ಬೆಳಕು ಬರಲು ಬೇಕಾಗುವುದು ಒಂದೂಕಾಲು ಸೆಕೆಂಡು ಮಾತ್ರ. ರೋಹಿಣಿಯಿಂದ 65 ವರ್ಷ. ಅವರಿಬ್ಬರ ನಡುವಿನ ಅಂತರವನ್ನು ಓದುಗರೇ ಊಹಿಸಲಿ.

ವೃಷಭನ ಮುಖ

ರೋಹಿಣಿಯ ಸುತ್ತಲಿನ ತಾರೆಗಳಿಗೆ ಗ್ರೀಕರು ಹೈಯಡೀಸ್ ಎಂದು ಹೆಸರಿಟ್ಟರು. ಇವು ಸುಮಾರು 150 ಜ್ಯೋತಿರ್ವರ್ಷಗಳಾಚೆ ಇರುವ ಒಂದು ನಿಜವಾದ ಕುಟುಂಬ. ಒಂದೇ ಮೋಡದಿಂದ ಜನಿಸಿ, ಒಂದೇ ವೇಗದಿಂದ ಒಂದೇ ದಿಕ್ಕಿಗೆ ಸಾಗುತ್ತಿವೆ. ಅಮೆರಿಕದ ಲೂಯಿಸ್ ಬಾಸ್ ಎಂಬ ಖಗೋಳಜ್ಞನು 1908ರಲ್ಲಿ ಈ ಸಹಪ್ರಯಾಣವನ್ನು ತೋರಿಸಿಕೊಟ್ಟನು. ಇವುಗಳ ವಯಸ್ಸು ಸುಮಾರು 65 ಕೋಟಿ ವರ್ಷ. ಸೋಜಿಗವೆಂದರೆ ಇವುಗಳ ನಡುವೆಯೇ ಮಿನುಗುವ ರೋಹಿಣಿಯು ಈ ಕುಟುಂಬಕ್ಕೆ ಸೇರಿದುದಲ್ಲ. ಅರ್ಧಕ್ಕಿಂತ ಕಡಿಮೆ ದೂರದಲ್ಲಿ, ನಮ್ಮ ಕಣ್ಣಿನ ಸಾಲಿನಲ್ಲಿ ಅಕಸ್ಮಾತ್ತಾಗಿ ನಿಂತಿರುವ ನೆರೆಯವಳು.

ಇದನ್ನು ಮನಗಾಣಲು ದೂರ ಹೋಗಬೇಕಾಗಿಲ್ಲ. ರಾತ್ರಿಯಲ್ಲಿ ಕಪ್ಪತಗುಡ್ಡದ ಕಡೆಗೆ ಮುಖಮಾಡಿ ನಿಲ್ಲಿರಿ. ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುವುವು. ನಡುವೆ ಹೊಲದ ಮನೆಯೊಂದರ ದೀಪವೂ ಅವುಗಳ ಸಾಲಿನಲ್ಲಿಯೇ ಕಾಣುವುದು. ದೂರವನ್ನು ಅರಿಯದವನು ಎಲ್ಲವನ್ನೂ ಒಂದೇ ತೋರಣವೆಂದು ಭಾವಿಸುವನು. ನಕ್ಷತ್ರಪುಂಜವೂ ಅಂತೆಯೇ. ಬೆಟಗೇರಿಯ ನೇಕಾರನು ಸೀರೆಯ ಸೆರಗಿನಲ್ಲಿ ನೇಯ್ದ ಚಿತ್ರದಂತೆ ಅದು ಒಂದೇ ಪಾತಳಿಯ ಮೇಲಿಲ್ಲ. ಆಳ ಆಳಕ್ಕೆ ಹರಡಿರುವ ತಾರೆಗಳನ್ನು ನಮ್ಮ ಕಣ್ಣೇ ಕೂಡಿಸಿ ಬಸವನನ್ನು ಬರೆಯುವುದು.

ರೋಹಿಣಿಯ ಹೆಸರು ನಮ್ಮ ರೈತರಿಗೆ ಮಳೆಯ ಹೆಸರಾಗಿಯೇ ಹೆಚ್ಚು ಪರಿಚಿತ. ಮೇ 25ರ ಸುಮಾರಿನಿಂದ ಜೂನ್ ಮೊದಲ ವಾರದವರೆಗೆ ಬೀಳುವುದು ರೋಹಿಣಿ ಮಳೆ. ಅದು ಹದವಾಗಿ ಬಿದ್ದರೆ ಎರೆಭೂಮಿಯಲ್ಲಿ ಹೆಸರು ಬಿತ್ತನೆಗೆ ಕೂರಿಗೆ ಹೊರಡುವುದು. ಓಣಿಯೆಲ್ಲ ಜೋಳವಾಗುವುದೆಂಬ ಗಾದೆಯೂ ಉಂಟು. ಆದರೆ ಆ ದಿನಗಳಲ್ಲಿ ರೋಹಿಣಿಯನ್ನು ಆಗಸದಲ್ಲಿ ಹುಡುಕಿದರೆ ಸಿಗದು. ಮಳೆಯ ನಕ್ಷತ್ರವೆಂದರೆ ಆಗ ಕಾಣುವ ನಕ್ಷತ್ರವಲ್ಲ, ಸೂರ್ಯನು ಆಗ ಯಾವ ನಕ್ಷತ್ರದ ನೇರದಲ್ಲಿರುವನೋ ಅದು. ಸೂರ್ಯನೊಡನೆಯೇ ಮೂಡಿ ಸೂರ್ಯನೊಡನೆಯೇ ಮುಳುಗುವ ರೋಹಿಣಿಯು ಹಗಲಿನ ಬೆಳಕಿನಲ್ಲಿ ಅಡಗಿರುವುದು. ಹಾಗಾದರೆ ನಮ್ಮ ಹಿರಿಯರು ಅದನ್ನು ಅರಿತುದು ಹೇಗೆ? ಕೆಲವು ವಾರ ಮೊದಲು ಪಡುವಣದಲ್ಲಿ ಯಾವ ತಾರೆಯು ಮುಳುಗಿ ಮರೆಯಾಯಿತು, ಕೆಲವು ವಾರಗಳ ತರುವಾಯ ಬೆಳಗಿನ ಜಾವ ಮೂಡಣದಲ್ಲಿ ಯಾವುದು ಮತ್ತೆ ತಲೆದೋರಿತು ಎಂಬುದನ್ನು ತಲೆಮಾರುಗಳಿಂದ ಗಮನಿಸಿ ಅರಿತರು. ಕಾಣದ ತಾರೆಯ ಎಡೆಯನ್ನು ಕಂಡ ತಾರೆಗಳಿಂದ ಲೆಕ್ಕಹಾಕಿದ ಆ ಬುದ್ಧಿಯು ಶ್ಲಾಘನೀಯ.

ಹಗಲಿನಲ್ಲಿ ಅಡಗಿದ ಈ ತಾರೆಗಳನ್ನು ಒಮ್ಮೆ ಮನುಷ್ಯರು ಛಾಯಾಚಿತ್ರದಲ್ಲಿ ಹಿಡಿದರು. 1919ರ ಮೇ 29ರಂದು, ಅಂದರೆ ನಮ್ಮಲ್ಲಿ ರೋಹಿಣಿ ಮಳೆಯ ಕಾಲದಲ್ಲಿಯೇ, ಪೂರ್ಣ ಸೂರ್ಯಗ್ರಹಣವಾಯಿತು. ಸೂರ್ಯನು ಆಗ ವೃಷಭನ ಮುಖದಲ್ಲಿ, ಹೈಯಡೀಸ್ ತಾರೆಗಳ ನಡುವೆ ಇದ್ದನು. ಇಂಗ್ಲೆಂಡಿನ ಎಡ್ಡಿಂಗ್ಟನ್ನನು ಆಫ್ರಿಕೆಯ ಪಶ್ಚಿಮ ತೀರದಾಚೆಯ ಪ್ರಿನ್ಸಿಪೆ ದ್ವೀಪದಿಂದಲೂ, ಇನ್ನೊಂದು ತಂಡದವರು ಬ್ರೆಜಿಲಿನ ಸೊಬ್ರಾಲ್ ಊರಿನಿಂದಲೂ ಗ್ರಹಣದ ಕತ್ತಲೆಯಲ್ಲಿ ಆ ತಾರೆಗಳ ಚಿತ್ರ ತೆಗೆದರು. ಸೂರ್ಯನ ಪಕ್ಕದಲ್ಲಿ ಹಾಯ್ದ ನಕ್ಷತ್ರದ ಬೆಳಕು ತುಸುವೇ ಬಾಗುವುದೆಂದು ಐನ್‌ಸ್ಟೈನರು ಗಣಿತದಿಂದ ಮೊದಲೇ ಹೇಳಿದ್ದರು. ಚಿತ್ರಗಳನ್ನು ಅಳೆದಾಗ ಅವರ ಮಾತು ನಿಜವಾಯಿತು. ಆ ವರ್ಷದ ನವೆಂಬರ 6ರಂದು ಲಂಡನ್ನಿನಲ್ಲಿ ಫಲಿತಾಂಶವು ಪ್ರಕಟವಾದಾಗ ಐನ್‌ಸ್ಟೈನರು ಲೋಕವಿಖ್ಯಾತರಾದರು. ಸಾಪೇಕ್ಷತಾ ಸಿದ್ಧಾಂತಕ್ಕೆ ಸಾಕ್ಷಿ ನುಡಿದುದು ನಮ್ಮ ನೆತ್ತಿಯ ಮೇಲಣ ವೃಷಭನೇ ಎಂಬುದು ಎಷ್ಟು ಮಂದಿಗೆ ತಿಳಿದಿದೆ?

ಕೃತ್ತಿಕೆ

ಕೃತ್ತಿಕೆಯು ಎಳೆಯ ತಾರೆಗಳ ಗುಂಪು. ದೂರ ಸುಮಾರು 440 ಜ್ಯೋತಿರ್ವರ್ಷ. ವಿಜಯನಗರವು ಹಾಳಾಗಿ ಎರಡು ದಶಕಗಳಾಗಿದ್ದ ಕಾಲದ ಬೆಳಕನ್ನು ನಾವೀಗ ಕಾಣುತ್ತಿರುವೆವು. ವಯಸ್ಸು ಹತ್ತು ಕೋಟಿ ವರ್ಷಗಳಿಗೆ ತುಸು ಹೆಚ್ಚು. ನಕ್ಷತ್ರಗಳ ಲೆಕ್ಕದಲ್ಲಿ ಇದು ಹರೆಯವೇ. ಆದುದರಿಂದಲೇ ಈ ತಾರೆಗಳು ಅತಿಯಾಗಿ ಕಾದು ನೀಲಿ-ಬಿಳುಪಾಗಿ ಹೊಳೆಯುವುವು. ಬರಿಗಣ್ಣಿಗೆ ಆರು, ಚುರುಕು ಕಣ್ಣಿಗೆ ಏಳು ಅಥವಾ ಅದಕ್ಕೂ ಹೆಚ್ಚು ತಾರೆಗಳು ಕಾಣುವುವು. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಇತ್ತ ತಿರುಗಿಸಿ 36 ತಾರೆಗಳ ಚಿತ್ರವನ್ನು ಬರೆದು ಪ್ರಕಟಿಸಿದನು. ಈಗ ಈ ಗುಚ್ಛದಲ್ಲಿ ಸಾವಿರಕ್ಕೂ ಮಿಕ್ಕಿದ ತಾರೆಗಳಿರುವುದು ಗೊತ್ತಾಗಿದೆ.

ಷಣ್ಮುಖನಿಗೆ ಮೊಲೆಯೂಡಿಸಿದ ಆರು ಮಂದಿ ತಾಯಂದಿರೆಂದು ಪುರಾಣವು ಇವರನ್ನು ಕೀರ್ತಿಸಿದೆ. ಅದಕ್ಕೂ ಹಿಂದಿನ ತೈತ್ತಿರೀಯ ಸಂಹಿತೆಯಲ್ಲಿ ಏಳು ಹೆಸರುಗಳು ದೊರೆಯುವುವು: ಅಂಬಾ, ದುಲಾ, ನಿತತ್ನೀ, ಅಭ್ರಯಂತೀ, ಮೇಘಯಂತೀ, ವರ್ಷಯಂತೀ, ಚುಪುಣೀಕಾ. ಇವುಗಳಲ್ಲಿ ಮೂರು ಹೆಸರುಗಳು ಮೋಡ-ಮಳೆಗಳಿಗೆ ಸಂಬಂಧಿಸಿದವು. ಮಳೆಗೂ ಈ ತಾರೆಗಳಿಗೂ ನಂಟು ಕಲ್ಪಿಸಿದವರು ನಮ್ಮ ರೈತರೊಬ್ಬರೇ ಅಲ್ಲವೆಂದಾಯಿತು. ಕಾರ್ತಿಕ ಹುಣ್ಣಿಮೆಯಂದು ಪೂರ್ಣಚಂದ್ರನು ಕೃತ್ತಿಕೆಯ ನೆರೆಯಲ್ಲಿರುವನು; ಆ ಮಾಸಕ್ಕೆ ಹೆಸರು ಬಂದುದೇ ಹಾಗೆ. ಗುಡಿಗಳಲ್ಲಿ ಕಾರ್ತಿಕದ ದೀಪಗಳನ್ನು ಹಚ್ಚಿದ ರಾತ್ರಿ ಒಮ್ಮೆ ತಲೆಯೆತ್ತಿ ನೋಡಿದರೆ, ಚಂದ್ರನ ಬೆಳಕಿನಲ್ಲಿ ಮಸುಕಾಗಿಯಾದರೂ, ಮೇಲೂ ದೀಪದ ಗೊಂಚಲೊಂದು ಕಂಡೀತು.

ಎರಡು ಕೊಂಬುಗಳು

ಉತ್ತರದ ಕೊಂಬಿನ ತುದಿಯ ತಾರೆಗೆ ನಮ್ಮ ಸೂರ್ಯಸಿದ್ಧಾಂತದಲ್ಲಿ ಅಗ್ನಿಯ ಹೆಸರಿದೆ. ಅರಬರ ಹೆಸರು ಎಲ್ನಾತ್. ಉಜ್ವಲತೆಯಲ್ಲಿ ರೋಹಿಣಿಯ ತರುವಾಯದ ಸ್ಥಾನ ಇದರದು. ದೂರ ಸುಮಾರು 134 ಜ್ಯೋತಿರ್ವರ್ಷ. ಹೆಸರಿಗೆ ತಕ್ಕಂತೆ ಇದು ಬಹಳ ಬಿಸಿಯಾದ ನೀಲಿ-ಬಿಳುಪಿನ ತಾರೆ. ಮೇಲ್ಮೈ ಉಷ್ಣತೆ 13,000 ಡಿಗ್ರಿಗಳ ಸುಮಾರು. ರೋಹಿಣಿಯ ಕೆಂಪನ್ನೂ ಅಗ್ನಿಯ ಬಿಳುಪನ್ನೂ ಒಂದೇ ನೋಟದಲ್ಲಿ ಹೋಲಿಸಿ ನೋಡಿದ ವಿದ್ಯಾರ್ಥಿಗೆ ನಕ್ಷತ್ರದ ಬಣ್ಣವೇ ಅದರ ಉಷ್ಣತಾಮಾಪಕವೆಂಬ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ದಕ್ಷಿಣದ ಕೊಂಬಿನ ತುದಿಯ ತಾರೆಯು ಮಂಕಾದುದು. ಆದರೆ ಅದರ ಪಕ್ಕದಲ್ಲಿ ನಡೆದ ಘಟನೆಯು ಲೋಕವಿಖ್ಯಾತವಾಗಿದೆ. 1054ರ ಜುಲೈ 4ರಂದು ಚೀನಾದೇಶದ ಖಗೋಳ ವೀಕ್ಷಕರು ಅಲ್ಲಿ ಹಿಂದೆಂದೂ ಇಲ್ಲದ ತಾರೆಯೊಂದನ್ನು ಕಂಡರು. ಅದು 23 ದಿನಗಳವರೆಗೆ ಹಗಲಿನಲ್ಲಿಯೂ ಕಾಣುತ್ತಿತ್ತೆಂದೂ, ಎರಡು ವರ್ಷಗಳಿಗೆ ತುಸು ಕಡಿಮೆ ಕಾಲ ರಾತ್ರಿಯಲ್ಲಿ ಉಳಿದು ಆರಿಹೋಯಿತೆಂದೂ ಬರೆದಿಟ್ಟರು. ಆಗ ನಮ್ಮ ನಾಡನ್ನು ಕಲ್ಯಾಣದಿಂದ ಚಾಲುಕ್ಯ ಆಹವಮಲ್ಲ ಸೋಮೇಶ್ವರನು ಆಳುತ್ತಿದ್ದನು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವು ನಿಂತು ಅರ್ಧ ಶತಮಾನವಾಗುತ್ತ ಬಂದಿತ್ತು.

ಅದು ಹೊಸ ತಾರೆಯ ಹುಟ್ಟಾಗಿರಲಿಲ್ಲ, ಹಳೆಯ ದೈತ್ಯ ತಾರೆಯೊಂದರ ಮರಣವಾಗಿತ್ತು. ಸೂರ್ಯನಿಗಿಂತ ಹಲವು ಪಟ್ಟು ತೂಕದ ತಾರೆಯು ತನ್ನ ಉರುವಲನ್ನು ಮುಗಿಸಿದಾಗ ಅದರ ಗರ್ಭವು ತನ್ನ ಭಾರಕ್ಕೆ ತಾನೇ ಕುಸಿದು, ಹೊರಮೈಯು ಸಿಡಿದು ಚೆಲ್ಲುವುದು. ಇಂತಹ ಸ್ಫೋಟಕ್ಕೆ ಸೂಪರ್ನೋವಾ ಎಂದು ಹೆಸರು. ಸಿಡಿದ ಅವಶೇಷವು ಸುಮಾರು 6,500 ಜ್ಯೋತಿರ್ವರ್ಷಗಳಾಚೆ ಇಂದಿಗೂ ಹಿಗ್ಗುತ್ತಿರುವ ಮೋಡವಾಗಿ ಉಳಿದಿದೆ. 1731ರಲ್ಲಿ ಇಂಗ್ಲೆಂಡಿನ ಜಾನ್ ಬೆವಿಸ್ ಅದನ್ನು ದೂರದರ್ಶಕದಿಂದ ಕಂಡನು. ಫ್ರಾನ್ಸಿನ ಮೆಸ್ಸಿಯೇ ತನ್ನ ಪ್ರಸಿದ್ಧ ಪಟ್ಟಿಯಲ್ಲಿ ಅದಕ್ಕೆ ಮೊದಲನೆಯ ಅಂಕಿ ಕೊಟ್ಟನು. ಐರ್ಲೆಂಡಿನ ಲಾರ್ಡ್ ರಾಸ್ ಬರೆದ ಚಿತ್ರವು ಏಡಿಯನ್ನು ಹೋಲಿದ್ದರಿಂದ ಏಡಿ ನೀಹಾರಿಕೆ ಎಂಬ ಹೆಸರು ನಿಂತಿತು. 1968ರಲ್ಲಿ ಅದರ ನಡುವೆ ಸೆಕೆಂಡಿಗೆ ಸುಮಾರು 30 ಸಲ ಗಿರ್ರನೆ ತಿರುಗುವ ಪಲ್ಸಾರ್ ಒಂದು ಪತ್ತೆಯಾಯಿತು. ಸೂರ್ಯನಿಗಿಂತ ಹೆಚ್ಚಿನ ತೂಕವನ್ನು ಸುಮಾರು 20 ಕಿಲೋಮೀಟರು ಅಡ್ಡಗಲದ ಉಂಡೆಯಲ್ಲಿ ಅದುಮಿ ತುಂಬಿದ ವಸ್ತುವದು. ಗದಗಿನಿಂದ ಡಂಬಳಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. 2015ರಲ್ಲಿ ಭಾರತವು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹವು ಈ ಪಲ್ಸಾರಿನ ಕ್ಷಕಿರಣಗಳ ಧ್ರುವೀಕರಣವನ್ನು ಅಳೆಯಿತು. 2017ರಲ್ಲಿ ಪ್ರಕಟವಾದ ಆ ಫಲಿತಾಂಶಕ್ಕೆ ಜಗತ್ತಿನ ವಿಜ್ಞಾನಿಗಳ ಮನ್ನಣೆ ದೊರೆಯಿತು.

ತಾರೆಗಳ ಒಡಲಿನಲ್ಲಿ ಬೆಂದು, ಇಂತಹ ಸ್ಫೋಟಗಳಿಂದ ಬಾನಿನಲ್ಲಿ ಚೆಲ್ಲಿದ ಧಾತುಗಳೇ ಮುಂದೆ ಹೊಸ ಸೂರ್ಯರಿಗೂ ಭೂಮಿಗಳಿಗೂ ಮೂಲದ್ರವ್ಯವಾಗುವುವು. ಕಪ್ಪತಗುಡ್ಡದ ಕೆಂಪು ಕಲ್ಲಿನ ಕಬ್ಬಿಣವೂ, ನಮ್ಮ ನೆತ್ತರಿನ ಕಬ್ಬಿಣವೂ ಸೂರ್ಯನು ಹುಟ್ಟುವ ಮೊದಲೇ ಸಿಡಿದ ತಾರೆಗಳಿಂದ ಬಂದುವು.

ತೊಟ್ಟಿಲು

ಸಾವಿನ ಮಗ್ಗುಲಲ್ಲಿಯೇ ಹುಟ್ಟೂ ಇದೆ. ರೋಹಿಣಿಗೂ ಕೃತ್ತಿಕೆಗೂ ನಡುವಿನ ಪ್ರದೇಶದಲ್ಲಿ, ಬರಿಗಣ್ಣಿಗೆ ಕಾಣದಂತೆ, ಸುಮಾರು 450 ಜ್ಯೋತಿರ್ವರ್ಷಗಳಾಚೆ ದೂಳು-ಅನಿಲಗಳ ಕಪ್ಪು ಮೋಡಗಳು ಹರಡಿವೆ. 1852ರಲ್ಲಿ ಜಾನ್ ರಸೆಲ್ ಹಿಂಡ್ ಎಂಬವನು ಅಲ್ಲಿ ಬೆಳಕು ಏರಿಳಿಯುವ ತಾರೆಯೊಂದನ್ನು ಕಂಡನು. ಟಿ ಟಾರಿ ಎಂಬ ಆ ತಾರೆಯು ಇನ್ನೂ ಕುಗ್ಗುತ್ತ ಕಾಯುತ್ತಿರುವ ಶಿಶು. ಅಂತಹ ಎಲ್ಲ ಶಿಶುತಾರೆಗಳಿಗೂ ಈಗ ಅದರ ಹೆಸರೇ ಜಾತಿನಾಮವಾಗಿದೆ. ನೆರೆಯ ಎಚ್‌ಎಲ್ ಟಾರಿ ಎಂಬ ಇನ್ನೊಂದು ಕೂಸಿನ ಚಿತ್ರವನ್ನು 2014ರಲ್ಲಿ ಚಿಲಿ ದೇಶದ ಆಲ್ಮಾ ರೇಡಿಯೋ ದೂರದರ್ಶಕವು ತೆಗೆದಾಗ, ಅದನ್ನು ಸುತ್ತುವರಿದ ದೂಳಿನ ತಟ್ಟೆಯಲ್ಲಿ ಉಂಗುರ ಉಂಗುರವಾದ ಗೆರೆಗಳು ಕಂಡವು. ಗ್ರಹಗಳು ಕೂಡಿಕೊಳ್ಳುವಾಗ ಮೂಡುವ ಗೆರೆಗಳಿವೆಂದು ವಿಜ್ಞಾನಿಗಳು ಭಾವಿಸಿರುವರು. ನಮ್ಮ ಭೂಮಿಯೂ 460 ಕೋಟಿ ವರ್ಷಗಳ ಹಿಂದೆ ಹೀಗೆಯೇ ತೊಟ್ಟಿಲಲ್ಲಿದ್ದಿತು.

ಹೀಗೆ ಟಿ ಟಾರಿಯಲ್ಲಿ ಜನನ, ಕೃತ್ತಿಕೆಯಲ್ಲಿ ಹರೆಯ, ಹೈಯಡೀಸಿನಲ್ಲಿ ನಡುವಯಸ್ಸು, ರೋಹಿಣಿಯಲ್ಲಿ ಮುಪ್ಪು, ಏಡಿ ನೀಹಾರಿಕೆಯಲ್ಲಿ ಮರಣ. ನಕ್ಷತ್ರದ ಬಾಳಿನ ಐದು ಘಟ್ಟಗಳನ್ನೂ ಒಂದೇ ಪುಂಜದಲ್ಲಿ ಓದಬಹುದು. ಒಂದು ತಾರೆಯ ಬಾಳನ್ನು ಆದ್ಯಂತ ನೋಡುವಷ್ಟು ಆಯುಷ್ಯ ಯಾವ ಮನುಷ್ಯನಿಗೂ ಇಲ್ಲ. ಆದರೆ ಒಂದೇ ಮನೆಯಲ್ಲಿ ಕೂಸು, ಹರೆಯದವರು, ಮುದುಕರನ್ನು ಒಟ್ಟಿಗೆ ಕಂಡವನು ಬಾಳಿನ ಗತಿಯನ್ನು ಒಂದೇ ದಿನದಲ್ಲಿ ಅರಿಯುವಂತೆ, ವೃಷಭನನ್ನು ಒಂದು ರಾತ್ರಿ ನೋಡಿದವನು ಕೋಟ್ಯಂತರ ವರ್ಷಗಳ ಕಥೆಯನ್ನು ಅರಿಯಬಲ್ಲನು.

ನಕ್ಷತ್ರವೂ ಭಯವೂ

ಈಗ ಆರಂಭದ ಮಾತಿಗೆ ಬರೋಣ. ರೋಹಿಣಿ ನಕ್ಷತ್ರದಲ್ಲಿ ಹುಟ್ಟಿದ ಗಂಡುಕೂಸು ಸೋದರಮಾವನಿಗೆ ಕಂಟಕವೆಂಬ ನಂಬಿಕೆಯು ನಮ್ಮಲ್ಲಿ ಇಂದಿಗೂ ಅಳಿದಿಲ್ಲ. ಕೃಷ್ಣನು ರೋಹಿಣಿಯಲ್ಲಿ ಹುಟ್ಟಿ ಮಾವ ಕಂಸನನ್ನು ಕೊಂದುದೇ ಇದಕ್ಕೆ ಆಧಾರ. ಎಣ್ಣೆಯ ಬಟ್ಟಲಿನಲ್ಲಿ ಪ್ರತಿಬಿಂಬವನ್ನು ನೋಡಿದ ಹೊರತು ಮಾವನು ಕೂಸಿನ ಮುಖ ನೋಡಬಾರದೆಂಬ ಶಾಸ್ತ್ರವೂ ಉಂಟು. ಹಡೆದ ತಾಯಿಯು ತನ್ನ ಒಡಹುಟ್ಟಿದವನು ತನ್ನ ಕೂಸನ್ನು ಕಂಡು ಅಂಜುವುದನ್ನು ನೋಡಬೇಕಾಗಿ ಬರುವ ದುಃಖವು ಸಾಮಾನ್ಯವಲ್ಲ.

'ರೋಹಿಣಿಯಲ್ಲಿ ಹುಟ್ಟಿತು' ಎಂದರೇನು? ಆ ಹೊತ್ತಿಗೆ ಚಂದ್ರನು ರೋಹಿಣಿಯ ನೇರದಲ್ಲಿದ್ದನೆಂದು ಅರ್ಥ, ಅಷ್ಟೇ. ಚಂದ್ರನು 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿ ಸುಮಾರು ಒಂದು ದಿನವಿರುವನು. ಆದುದರಿಂದ ಸರಾಸರಿ 27 ಮಕ್ಕಳಲ್ಲಿ ಒಂದು ಮಗು ರೋಹಿಣಿಯದೇ ಆಗಿರಬೇಕು. ನಮ್ಮ ಶಾಲೆಯ ಒಂದೊಂದು ತರಗತಿಯಲ್ಲಿಯೂ ಅಂತಹವರು ಒಬ್ಬಿಬ್ಬರಾದರೂ ಕುಳಿತಿರುವರು. ಅವರ ಮಾವಂದಿರೆಲ್ಲರೂ ಕಂಟಕಕ್ಕೆ ಗುರಿಯಾದರೆ? ಇನ್ನು ರೋಹಿಣಿಯ ಮಾತು. ಕೂಸು ಹುಟ್ಟಿದ ರಾತ್ರಿ ಭೂಮಿಯನ್ನು ತಲುಪಿದ ಅದರ ಬೆಳಕು ಅಲ್ಲಿಂದ ಹೊರಟಾಗ ಆ ಕೂಸಿನ ತಾಯಿಯೇ ಹುಟ್ಟಿರಲಿಲ್ಲ. ಅಷ್ಟು ದೂರದ ಮುದಿತಾರೆಯು ಶಿರಹಟ್ಟಿಯ ಒಂದು ಮನೆಯ ಸೋದರಮಾವನ ಮೇಲೆ ಹಗೆ ಸಾಧಿಸುವುದೆಂಬುದು ವಿಚಾರಕ್ಕೆ ನಿಲ್ಲುವ ಮಾತಲ್ಲ.

ಲಗ್ನ, ವಾರ, ತಿಥಿಗಳ ಶುಭಾಶುಭವನ್ನು ಒಪ್ಪದೆ, ನೆನೆದ ದಿನವೇ ಒಳ್ಳೆಯ ದಿನವೆಂದು ಬಾಳಿದವರು ಬಸವಾದಿ ಶರಣರು. ಅವರು ತಿರಸ್ಕರಿಸಿದುದು ನಕ್ಷತ್ರವನ್ನಲ್ಲ, ನಕ್ಷತ್ರದ ಹೆಸರಿನ ಅಂಜಿಕೆಯನ್ನು. ಅಂಜಿಕೆ ಬಿಟ್ಟವನ ಕಣ್ಣಿಗೆ ಆಗಸವು ಮೊದಲ ಸಲ ನಿಚ್ಚಳವಾಗಿ ಕಾಣುವುದು.

ಇಲ್ಲಿ ಒಂದು ಸೊಗಸಾದ ಸಂಗತಿಯನ್ನು ಗಮನಿಸಬಹುದು. ಬಸವ ಜಯಂತಿಯು ವೈಶಾಖ ಶುದ್ಧ ತದಿಗೆಯಂದು ಬರುವುದು. ವೈಶಾಖವು ಆರಂಭವಾಗುವಾಗ ಸೂರ್ಯನು ಮೇಷ ರಾಶಿಯಲ್ಲಿರುವನು. ಚಂದ್ರನು ಸೂರ್ಯನಿಂದ ದಿನಕ್ಕೆ ಸುಮಾರು 12 ಅಂಶ ಮುಂದೆ ಸರಿಯುವುದರಿಂದ ತದಿಗೆಯ ಹೊತ್ತಿಗೆ 24ರಿಂದ 36 ಅಂಶ ಮುಂದಿರುವನು. ಲೆಕ್ಕಮಾಡಿದರೆ ಅಂದು ಅವನು ಕೃತ್ತಿಕೆ, ರೋಹಿಣಿ ಅಥವಾ ಮೃಗಶಿರೆಯಲ್ಲಿಯೇ ಇರಬೇಕು. ಎಂದರೆ ವರ್ಷ ವರ್ಷವೂ ಬಸವ ಜಯಂತಿಯ ಸಂಜೆ ಪಡುವಣದಲ್ಲಿ ತೋರುವ ಎಳೆಯ ಚಂದ್ರನು ವೃಷಭ ರಾಶಿಯಲ್ಲಿ ಇಲ್ಲವೆ ಅದರ ಅಂಚಿನಲ್ಲಿ ನಿಂತಿರುವನು. ಇದರಲ್ಲಿ ಪವಾಡವೇನೂ ಇಲ್ಲ, ಇದು ಗಣಿತ. ಆದರೆ ಮೆರವಣಿಗೆ ಮುಗಿಸಿ ಮನೆಗೆ ಮರಳುವ ಮಗುವಿಗೆ ಗುರುವು ಆ ಚಂದ್ರನ ಕಡೆಗೆ ಬೆರಳು ತೋರಿ, ಅಲ್ಲಿರುವುದೇ ವೃಷಭ ಎಂದು ಹೇಳಿದರೆ, ಆ ಮಗುವು ಬಾಳಿನುದ್ದಕ್ಕೂ ಅದನ್ನು ಮರೆಯದು.

ನಿವೇದನೆ

ಗದಗ-ಬೆಟಗೇರಿಯ ಬೀದಿದೀಪಗಳ ಬೆಳಕಿನಲ್ಲಿ ಈಗ ರೋಹಿಣಿಯು ಕಂಡರೂ ವೃಷಭನ ಮುಖದ ಸಣ್ಣ ತಾರೆಗಳು ಅಳಿಸಿಹೋಗುತ್ತಿವೆ. ಆದರೆ ಊರ ಹೊರಗೆ ಎರೆಹೊಲಗಳ ನಡುವೆ, ಡಂಬಳದ ಕೆರೆಯ ಏರಿಯ ಮೇಲೆ, ಕಪ್ಪತಗುಡ್ಡದ ಅಡಿಯಲ್ಲಿ ಕತ್ತಲೆಯು ಇನ್ನೂ ಉಳಿದಿದೆ. ಎಳ್ಳಮವಾಸ್ಯೆಯಂದು ನಾವೆಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಸಂಜೆಗೆ ಮರಳುವೆವು. ಅಂದು ಚಂದ್ರನಿಲ್ಲದ ರಾತ್ರಿ. ಹತ್ತು ಗಂಟೆಯ ಸುಮಾರಿಗೆ ವೃಷಭನು ನೆತ್ತಿಯ ಬಳಿಯಲ್ಲಿರುವನು. ಶಿಕ್ಷಕ ಬಂಧುಗಳು ಆ ಒಂದು ರಾತ್ರಿ ಮಕ್ಕಳನ್ನು ಪಾಲಕರೊಡನೆ ಹೊಲದಲ್ಲಿಯೇ ನಿಲ್ಲಿಸಿಕೊಂಡು ಈ ತಾರೆಗಳನ್ನು ತೋರಿಸಬೇಕೆಂದು ನನ್ನ ವಿನಂತಿ. ಕೃತ್ತಿಕೆಯಲ್ಲಿ ಎಷ್ಟು ತಾರೆ ಕಂಡವೆಂದು ಪ್ರತಿಯೊಬ್ಬರೂ ಎಣಿಸಿ ಬರೆದಿಡಲಿ. ಕಟ್ಟಡಗಳಿಗೂ ಪ್ರಸಾದ ನಿಲಯಗಳಿಗೂ ಉದಾರವಾಗಿ ನೆರವಾದ ದಾನಿಗಳು ಒಂದು ಸಾಧಾರಣ ದೂರದರ್ಶಕವನ್ನು ಶಾಲೆಗೆ ದಯಪಾಲಿಸಿದರೆ, ಗೆಲಿಲಿಯೋ ಕಂಡ 36 ತಾರೆಗಳನ್ನು ನಮ್ಮ ಮಕ್ಕಳೂ ಕಾಣುವರು. ಕೊಂಬಿನ ತುದಿಯಲ್ಲಿ ಮಂಜಿನ ತುಣುಕಿನಂತಿರುವ ಏಡಿ ನೀಹಾರಿಕೆಯನ್ನೂ ಹುಡುಕುವರು.

ಅರಿವೇ ಗುರುವೆಂದು ನಂಬಿದ ಪರಂಪರೆ ನಮ್ಮದು. ಆ ಅರಿವಿನ ಒಂದು ಪುಟವು ದಿನವೂ ರಾತ್ರಿ ನಮ್ಮ ನೆತ್ತಿಯ ಮೇಲೆಯೇ ತೆರೆದಿರುವುದು. ಓದಲು ತಲೆಯನ್ನು ಎತ್ತಿದರೆ ಸಾಕು. ರೋಹಿಣಿಯಲ್ಲಿ ಹುಟ್ಟಿದ ಕೂಸನ್ನು ಸೋದರಮಾವನೇ ಹೆಗಲ ಮೇಲೆ ಕೂಡ್ರಿಸಿಕೊಂಡು, 'ನೋಡು, ಅದೇ ನಿನ್ನ ನಕ್ಷತ್ರ' ಎಂದು ತೋರಿಸುವ ದಿನವು ನಮ್ಮ ಊರುಗಳ ಮನೆಮನೆಗಳಲ್ಲಿಯೂ ಬರಲೆಂದು ಹಾರೈಸಿ, ಸರ್ವರಿಗೂ ಶರಣೆನ್ನುವೆನು.